ಟರ್ನರಿ ಮೇಷ್ಟ್ರು

ಏಕಶಿಲಾ ಬೆಟ್ಟದಡಿಯ ಮಧುಗಿರಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಎಲ್ಲಿ ಎಷ್ಟು ತಾಸಿನ ಕಾರ್ಯಭಾರ ದೊರೆಯುವುದೋ ಅಲ್ಲಿಗೆ ಬಸ್ಸಿನಲ್ಲಿ ಸಂಚರಿಸುತ್ತ, ಹೆಗಲಿಗೊಂದು ಚೀಲ, ಚೀಲದಲ್ಲೊಂದು ಚಿತ್ರಾನ್ನದ ಡಬ್ಬಿ, ಅದರ ಪಕ್ಕದಲ್ಲಿ ರಟ್ಟು ಕಿತ್ತುಹೋದ ಸಿ ಭಾಷೆಯ ಪುಸ್ತಕ, ಇಷ್ಟನ್ನೇ ಐಹಿಕ ಸಂಪತ್ತಾಗಿ ಉಳ್ಳ ಅತಿಥಿ ಉಪನ್ಯಾಸಕರನ್ನು ಕಾಣದವರು ಈ ಸೀಮೆಯಲ್ಲಿ ವಿರಳ. ಕಾಲೇಜಿನಿಂದ ಕಾಲೇಜಿಗೆ ಇವರ ಹೆಸರು ಬೇರೆಯಾದರೂ ಸ್ವಭಾವ ಒಂದೇ ಆದುದರಿಂದ, ಹುಡುಗರು ಎಲ್ಲರಿಗೂ ಸೇರಿಸಿ ‘ಟರ್ನರಿ ಮೇಷ್ಟ್ರು’ ಎಂದು ನಾಮಕರಣ ಮಾಡಿ ಮುಗಿಸಿದ್ದಾರೆ.

1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬ ಮಹಾನುಭಾವನು ರೂಪಿಸಿದ ಸಿ ಭಾಷೆಯಲ್ಲಿ, ಮೂರು ಪದಗಳನ್ನು ಬೇಡುವ ಆಪರೇಟರು ಈ ‘ಟರ್ನರಿ’ ಒಂದೇ: ಮೊದಲು ಷರತ್ತು, ಬಳಿಕ ಪ್ರಶ್ನೆಚಿಹ್ನೆ, ಹೌದಾದರೆ ಆಗತಕ್ಕದ್ದು, ಅನಂತರ ಕೋಲನ್ನು, ಅಲ್ಲವಾದರೆ ಆಗತಕ್ಕದ್ದು. ‘ಇಫ್’ ಎಂಬುದು ‘ಎಲ್ಸ್’ ಇಲ್ಲದೆಯೂ ಬಾಳಬಲ್ಲುದು. ಇದಾದರೋ ಕೋಲನ್ನಿನ ಆಚೆಯದನ್ನು ಹೇಳದೆ ಬಿಟ್ಟರೆ ಒಪ್ಪುವುದೇ ಇಲ್ಲ. ಮೇಷ್ಟ್ರಿಗೆ ವ್ಯಾಮೋಹ ಹುಟ್ಟಿದ್ದು ಈ ಗುಣಕ್ಕಾಗಿಯೇ ಇರಬೇಕು. ವರ್ಷ ವರ್ಷವೂ ‘ನೇಮಕದ ಆದೇಶ ಬಂದರೆ’ ಎಂಬಲ್ಲಿಗೇ ನಿಂತುಹೋಗುವ ಬಾಳಿನಲ್ಲಿ, ಬಾರದಿದ್ದರೆ ಏನೆಂಬುದನ್ನೂ ಬರೆಸದೆ ಬಿಡದ ವ್ಯಾಕರಣವೊಂದು ದೊರಕಿತಲ್ಲ! ಈ ಸೀಮೆಯ ರೈತನಿಗಾದರೆ ಇದನ್ನು ಕಲಿಸಬೇಕಾದುದಿಲ್ಲ. ಹದ ಮಳೆಯಾದರೆ ಕಡಲೆಕಾಯಿ, ತಡವಾದರೆ ಹುರುಳಿ ಎಂದು ಅವನು ರಿಚಿಗಿಂತ ಎಷ್ಟೋ ಮುಂಚಿನಿಂದ ಬಿತ್ತಿಕೊಂಡು ಬಂದಿದ್ದಾನೆ.

ತಿರುಮಣಿಯ ಸುತ್ತ 2,050 ಮೆಗಾವಾಟಿನ ಸೌರಫಲಕಗಳು ಬಿಸಿಲು ಕುಡಿಯುತ್ತಿರುವ ಪಾವಗಡದಲ್ಲಿಯೂ ಮೇಷ್ಟ್ರು ತರಗತಿಯನ್ನು ಆರಂಭಿಸುವುದು ‘ಕರೆಂಟು ಇದ್ದರೆ ಲ್ಯಾಬು, ಇಲ್ಲದಿದ್ದರೆ ಥಿಯರಿ’ ಎಂದೇ. ಆರು ಸಾಲಿನಲ್ಲಿ ಸುಖವಾಗಿ ಹೇಳಬಹುದಾದುದನ್ನು ಒಂದೇ ಸಾಲಿಗೆ ಹಿಂಡಿ, ಪ್ರಶ್ನೆಚಿಹ್ನೆಯ ಹೊಟ್ಟೆಯೊಳಗೆ ಮತ್ತೊಂದು ಪ್ರಶ್ನೆಚಿಹ್ನೆಯನ್ನು ಇರಿಸದ ಹೊರತು ಅವರಿಗೆ ತೃಪ್ತಿಯಿಲ್ಲ. ಶಿರಾದಲ್ಲಿ ಒಮ್ಮೆ ಹೋಟೆಲಿನ ಲೆಕ್ಕವನ್ನು ಬೋರ್ಡಿನ ಮೇಲೆ ಹೀಗೆ ಬರೆದರು: ‘ಬಿಲ್ಲು = ಇಡ್ಲಿ + ಕಾಫಿ ? 15 : 0’. ಇಡ್ಲಿಗೆ 30 ರೂಪಾಯಿ. ಕಾಫಿ ಕುಡಿದವನಿಗೆ 1, ಕುಡಿಯದವನಿಗೆ 0 ಎಂದು ಗುರುತು. ಕೂಡುವ ಚಿಹ್ನೆಗೆ ಆದ್ಯತೆ ಹೆಚ್ಚಾದುದರಿಂದ ಯಂತ್ರವು ಇಡ್ಲಿ ಕಾಫಿಗಳನ್ನು ಮೊದಲೇ ಕೂಡಿ, ಮೊತ್ತ ಸೊನ್ನೆಯಲ್ಲವೆಂಬಷ್ಟನ್ನೇ ನೋಡಿ, 15 ಎಂದಿತು; ಕಾಫಿ ಮುಟ್ಟದವನಿಗೂ ಅದೇ 15. ಹೋಟೆಲಿನವರ ಮಗನೊಬ್ಬ ಗಾಬರಿಯಿಂದ ಎದ್ದುನಿಂತ.

“ಸಾರ್, ಇಡ್ಲಿ ದುಡ್ಡು ಎಲ್ಲೋಯ್ತು?”

“ಬ್ರಾಕೆಟ್ ಹಾಕಿದ್ರೆ ಬರ್ತಿತ್ತು, ಹಾಕ್ದಿದ್ರೆ ಹೋಯ್ತು ಕಣಪ್ಪ,” ಎಂದು ಮೇಷ್ಟ್ರು ಅವಿಚಲಿತರಾಗಿ ಡಸ್ಟರು ಎತ್ತಿಕೊಂಡರು.

ಕೊರಟಗೆರೆಯ ಕಡೆ ಹೆಣ್ಣು ನೋಡಲು ಹೋದಾಗಲೂ ಈ ವ್ಯಸನ ಬಿಡಲಿಲ್ಲ. “ಕೆಲಸ ಪರ್ಮನೆಂಟಾ ಸ್ವಾಮಿ?” ಎಂದು ಹುಡುಗಿಯ ತಂದೆ ಕೇಳಿದ್ದಕ್ಕೆ, “ಆದರೆ ಇಲ್ಲೇ ಮನೆ ಮಾಡ್ತೀನಿ, ಆಗ್ದಿದ್ರೆ ಮದ್ದಗಿರೀಲಿ ರೂಮು ಇದ್ದೇ ಇದೆ,” ಎಂದರಂತೆ. ಹಿರಿಯರು ಎಲೆಯಡಿಕೆ ಅಗಿಯುತ್ತ ಕ್ಷಣಕಾಲ ಯೋಚಿಸಿ, “ಹಂಗಾದ್ರೆ ಸರಿ. ಆದ್ರೆ ಹುಡುಗಿ ಕೊಡ್ತೀವಿ, ಆಗ್ದಿದ್ರೆ ಉಪ್ಪಿಟ್ಟು ತಿಂದ್ಕಂಡು ಹೋಗಿ,” ಎಂದರು. ಎರಡು ಕವಲುಗಳಲ್ಲಿ ಒಂದು ಮಾತ್ರ ನಡೆಯತಕ್ಕದ್ದೆಂಬ ಸೂಕ್ಷ್ಮವನ್ನು, ಮಾವನವರಾಗಬಹುದಾಗಿದ್ದ ಈ ಪುರುಷರು ಪುಸ್ತಕ ಮುಟ್ಟದೆಯೇ ಗ್ರಹಿಸಿದರಲ್ಲ ಎಂದು ಮೇಷ್ಟ್ರು ಹಿಗ್ಗಿಹೋಗಿ, ಉಪ್ಪಿಟ್ಟಿನ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ನಿಂಬೆಹಣ್ಣು ಇದ್ದರೆ ಒಂದು ಹೋಳು, ಇಲ್ಲವಾದರೆ ಮೊಸರು ಆದೀತೆಂದರಂತೆ.