ಎರಡು ತಾಸು ಮೊದಲು

ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿಯ ಗೆಳೆಯನ ಮನೆ ಸೇರಿದೆ. ಚಹಾದ ಕಪ್ಪು ಕೈಗಿಟ್ಟು ಆತ ಕೇಳಿದ ಮೊದಲ ಪ್ರಶ್ನೆ: "ವಾಪಸ್ ಗಾಡಿ ಎಷ್ಟಕ್ಕದ?"

"ರಾತ್ರಿ ಹನ್ನೊಂದಕ್ಕೆ."

"ಹಂಗಾರ ಒಂಬತ್ತಕ್ಕ ಸ್ಟೇಷನ್ನಿನ್ಯಾಗ ಇರಬೇಕು. ಎಂಟೂವರಿಗೆ ಮನಿ ಬಿಡೋಣು. ಏಳಕ್ಕ ಊಟ."

ಬೆಂಗಳೂರಿನಿಂದ ರಾತ್ರಿಯೆಲ್ಲ ಪಯಣಿಸಿ ಬಂದವನನ್ನು ಚಹಾ ಆರುವ ಮೊದಲೇ ಹೀಗೆ ಸಾಗಹಾಕಿದ. "ಅಯ್ಯ, ಅವರಿಗೆ ಸ್ನಾನನರ ಮಾಡಲಿಕ್ಕೆ ಬಿಡ್ರಿ" ಎಂದು ವೈನಿ ಒಳಗಿನಿಂದಲೇ ಗದರಿದರು.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಕರೆಂಟ್ ಬಿಲ್ಲನ್ನು ಬಂದ ದಿನವೇ ಕಟ್ಟುತ್ತಾರೆ. ಬ್ಯಾಂಕಿನ ಶಟರ್ ಏಳುವಾಗ ಅದರ ಕೆಳಗೇ ನಿಂತಿರುತ್ತಾರೆ. ಮದುವೆಮನೆಗೆ ಹಂದರ ಕಟ್ಟುವ ಮೊದಲೇ ಹಾಜರಾಗಿ, ಅಡುಗೆಯವರ ಕೈಗೆ ಸಿಕ್ಕು, ತೆಂಗಿನಕಾಯಿ ಹೆರೆಯುತ್ತ ಕೂರುತ್ತಾರೆ. ಧಾರವಾಡದ ಹಾಸ್ಟೆಲಿನಲ್ಲಿ ನಾವು ಇವನಿಗೆ ಇಟ್ಟ ಹೆಸರು 'ಅಡ್ವಾನ್ಸ್'.

ಅಡ್ವಾನ್ಸನಿಗೆ ಜೀವನದಲ್ಲಿ ತಪ್ಪಿದ್ದು ಒಂದೇ ರೈಲು. ಅದನ್ನು ನನಗೂ ತಪ್ಪಿಸಿದ. ಬೆಳಗಿನ ಆರರ ಗಾಡಿಗೆಂದು ನಮ್ಮ ನಾಲ್ವರನ್ನು ನಡುರಾತ್ರಿ ಮೂರಕ್ಕೆ ಧಾರವಾಡ ಸ್ಟೇಷನ್ನಿಗೆ ಎಳೆದೊಯ್ದಿದ್ದ. ಸೋನೆಮಳೆ, ಚಳಿ. "ನೀವು ಮಲಕೋರಿ, ನಾ ಎಚ್ಚರಿರ್ತೀನಿ" ಎಂದ. ಮಲಗಿದೆವು. ಕಣ್ಣು ಬಿಟ್ಟಾಗ ಬಿಸಿಲು ಬಿದ್ದಿತ್ತು, ಗಾಡಿ ಹೋಗಿತ್ತು. ಕಾವಲುಗಾರ ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ನಾವು ಮೈಮೇಲೆ ಬಿದ್ದಾಗ ಆತ ಗಂಭೀರವಾಗಿ ಹೇಳಿದ: "ಇನ್ನೂ ಲಗೂ ಬರಬೇಕಿತ್ತು. ನಿದ್ದಿ ಮುಗದು ತಾನೇ ಎಚ್ಚರ ಆಗ್ತಿತ್ತು."

ಮುಂದಿನ ವಾರ ನಾನು ಮಗಳ ಮನೆಗೆ, ಅಮೆರಿಕಕ್ಕೆ, ಆರು ತಿಂಗಳ ಮಟ್ಟಿಗೆ ಹೊರಟಿದ್ದೇನೆ. ಹೋಗುವ ಮುಂಚೆ ಒಮ್ಮೆ ನೋಡಿ ಬರೋಣವೆನಿಸಿತ್ತು. ಯಾಕೆಂದು ಆತ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ವಯಸ್ಸಿನಲ್ಲಿ ಆರು ತಿಂಗಳು ಸಣ್ಣ ಲೆಕ್ಕವಲ್ಲ. ವಿಮಾನಕ್ಕೆ ಮೂರು ತಾಸು ಮೊದಲೇ ಹೋಗಬೇಕೆಂದಾಗ ಮಾತ್ರ ಆತನ ಮುಖ ಅರಳಿತು. "ನೋಡು! ನಾ ನಲವತ್ತು ವರ್ಷದಿಂದ ಹೇಳ್ಲಿಕ್ಕತ್ತಿದ್ದು ಅವರಿಗೆ ಈಗ ತಿಳದದ!"

ಸಂಜೆ ನಾನೊಂದು ಕೊನೆಯ ಪ್ರಯತ್ನ ಮಾಡಿದೆ. ಸ್ಟೇಷನ್ನು ಹದಿನೈದು ನಿಮಿಷದ ದಾರಿ, ಹತ್ತಕ್ಕೆ ಹೊರಟರೂ ಸಾಕು ಎಂದೆ. ಆತ ಬ್ರಹ್ಮಾಸ್ತ್ರ ಬಿಟ್ಟ. "ನಮ್ಮ ಪ್ಲಾಟ್‌ಫಾರ್ಮು 1,507 ಮೀಟರ್ ಅದ! ಜಗತ್ತಿನ್ಯಾಗ ಉದ್ದಂದು! ನಿನ್ನ ಬೋಗಿ ಆ ತುದೀಗೆ ನಿಂತರ?" 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾಗಿ, ಗೋರಖಪುರದ 1,366 ಮೀಟರನ್ನು ಹಿಂದೆ ಹಾಕಿದಾಗ ಹುಬ್ಬಳ್ಳಿಯೆಲ್ಲ ಹೆಮ್ಮೆಪಟ್ಟಿತು. ಅದನ್ನು ಸಾಕ್ಷಿಯಾಗಿ ಬಳಸಿಕೊಂಡವನು ಇವನೊಬ್ಬನೇ. ನಾನು ನಗಲು ಹೋಗಿ ಸುಮ್ಮನಾದೆ. ಬನಿಯನ್ನಿನ ಕಿಸೆಯಲ್ಲಿದ್ದ ಪಾಸ್‌ಪೋರ್ಟನ್ನು ಬೆಳಗಿನಿಂದ ಹನ್ನೊಂದು ಸಲ ಮುಟ್ಟಿ ನೋಡಿಕೊಂಡಿದ್ದೆ. ಅದೂ ಹುಬ್ಬಳ್ಳಿಗೆ ಹೋಗಿಬರಲು ಬೇಡವೇ ಬೇಡದ ಪಾಸ್‌ಪೋರ್ಟು.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಬೆಂಚು ಹಿಡಿದೆವು. ಆಗ ನೋಡಿ, ಆತ ಬೇರೆಯೇ ಮನುಷ್ಯನಾದ. ದಿನವಿಡೀ ಮನೆಯಲ್ಲಿ ಆತ ಗಡಿಯಾರ ನೋಡುತ್ತಿದ್ದ, ನಾನು ಮೊಬೈಲು. ಮಾತು ಆಗಿರಲೇ ಇಲ್ಲ. ಈಗ ಆತನಿಗೆ ತಲುಪಬೇಕಾದ ಜಾಗ ಯಾವುದೂ ಉಳಿದಿರಲಿಲ್ಲ. ಕಣ್ಣಿನ ಆಪರೇಷನ್, ವೈನಿಯ ಮೊಣಕಾಲು, ಪುಣೆ ಸೇರಿ ಫೋನು ಮರೆತ ಮಗ, ಒಂದೊಂದಾಗಿ ಹೇಳಿದ. ಧಾರವಾಡದ ಬೆಂಚಿನ ಮೇಲೆ ಮಲಗಿದ್ದ ಐವರಲ್ಲಿ ಈಗ ಉಳಿದವರು ನಾವಿಬ್ಬರೇ ಎಂದು ಬೆರಳು ಮಡಿಸಿ ಎಣಿಸಿದ. ಗಾಡಿ ನಲವತ್ತು ನಿಮಿಷ ತಡವೆಂದು ಮೈಕು ಕೂಗಿತು. ನಾನು ಮುಖ ಸಿಂಡರಿಸಬೇಕಿತ್ತು. ಸಿಂಡರಿಸಲಿಲ್ಲ.

"ಆರು ತಿಂಗಳು ಅಂದೆಲ್ಲ?" ಮೂರನೆಯ ಸಲ ಕೇಳಿದ.

"ಹೌದೋ."

"ಬರೋ ತಾರೀಖು ಈಗs ಹೇಳು. ಬರಕೋತೀನಿ."

ಗಾಡಿ ಬಂದದ್ದು ಆ ಉದ್ದನೆಯ ಪ್ಲಾಟ್‌ಫಾರ್ಮಿಗಲ್ಲ. ನಾವು ಕೂತ ಬೆಂಚಿನ ಎದುರಿಗೇ ನನ್ನ ಬೋಗಿ ನಿಂತಿತು. ನಾಲ್ಕು ಹೆಜ್ಜೆ. ಹಂಗಿಸಲು ಬಾಯಿ ತೆರೆದೆ. ಆತ ಕಿಟಕಿಯಲ್ಲಿ ಪೇಢೆಯ ಪೊಟ್ಟಣ ತುರುಕುತ್ತಿದ್ದ.

ಗಾಡಿ ಹೊರಟಿತು. ಕಿಟಕಿಯ ಸರಳು ಹಿಡಿದು ಆತ ಜೊತೆಗೇ ನಡೆದ. ಬರುವ ದಿನ ವಿಮಾನ ನಿಲ್ದಾಣದಿಂದ ಎಷ್ಟಕ್ಕೆ ಹೊರಬರುತ್ತೀ ಎಂದೇನೋ ಕೇಳುತ್ತಿದ್ದ. ಅಷ್ಟರಲ್ಲಿ ಪ್ಲಾಟ್‌ಫಾರ್ಮು ಮುಗಿದುಹೋಯಿತು.

ಆ 1,507 ಮೀಟರಿನದಕ್ಕೆ ಬಂದಿದ್ದರೆ ಚೆನ್ನಾಗಿತ್ತು ಎನಿಸಿತು.