ಎಲ್ಕ್‌ಗೆ ಲೋಬಾನ

ನಮ್ಮ ಮನೆಯಲ್ಲಿ ತಾಯಿ-ಮಗ ಮಾತು ಬಿಟ್ಟಿದ್ದಾರೆ. ಪೂರ್ತಿ ಬಿಟ್ಟಿಲ್ಲ. "ಇನ್ನೊಂದು ರೊಟ್ಟಿ ಹಾಕ್ಲೇನು ಕೇಳು ಅವಗ" ಎಂದು ಅತ್ತೆ ನನಗೆ ಹೇಳುತ್ತಾರೆ, "ಸಾಕಂತ ಹೇಳು" ಎಂದು ಇವರೂ ನನಗೇ ಹೇಳುತ್ತಾರೆ. ಜಗಳದ ಮೂಲ ಆಸ್ತಿಯಲ್ಲ, ಸೊಸೆಯೂ ಅಲ್ಲ (ಇದನ್ನು ದಪ್ಪಕ್ಷರದಲ್ಲಿ ಹಾಕಬೇಕೆಂದು ಸಂಪಾದಕರಲ್ಲಿ ವಿನಂತಿ). ಮೂಲ, ಒಂದು ಎಲ್ಕ್‌ನ ಮೂಗು.

ನಾವಿರುವುದು ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಗಂಡು 300 ಕಿಲೋ ದಾಟಿ ತೂಗುತ್ತದೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಲ್ಲಿಯಷ್ಟು ಎಲ್ಕ್‌ಗಳಿಲ್ಲ. ಸೆಪ್ಟೆಂಬರ್ ಬಂತೆಂದರೆ ಅವಕ್ಕೆ ಬೆದೆಗಾಲ, ಬಿಲ್ಲುಗಾರರಿಗೆ ಬೇಟೆಗಾಲ, ಇಬ್ಬರಿಗೂ ತಲೆ ನಿಲ್ಲುವುದಿಲ್ಲ. ಈ ವರ್ಷ ಆ ಗಾಳಿ ನಮ್ಮ ಮನೆಯವರಿಗೂ ಸೋಕಿತು. ಅದೂ ಎಲ್ಲರಂತೆ ರಾಟೆ ಇರುವ ಕಾಂಪೌಂಡ್ ಬಿಲ್ಲು ಹಿಡಿದರೇ? ಇಲ್ಲ. 1960ರ ದಶಕದಲ್ಲಿ ಮಿಸೌರಿಯ ಹಾಲಿಸ್ ಆಲನ್ ಎಂಬ ಪುಣ್ಯಾತ್ಮ ಕಂಡುಹಿಡಿದ ಆ ಬಿಲ್ಲನ್ನು ಪೂರ್ತಿ ಸೆಳೆದರೆ ಮುಕ್ಕಾಲು ಭಾರವನ್ನು ರಾಟೆಯೇ ಹೊತ್ತುಕೊಳ್ಳುತ್ತದಂತೆ. ಹಳೇ ಪದ್ಧತಿಯ ಬಿಲ್ಲಿಗೆ ಆ ಕರುಣೆಯಿಲ್ಲ. ಸೆಳೆದಷ್ಟೂ ಭಾರ, ಗುರಿ ನೋಡಲು ಗಾಜೂ ಇಲ್ಲ, ಮುಳ್ಳೂ ಇಲ್ಲ. ಇವರು ಆರಿಸಿದ್ದು ಅದನ್ನೇ, 50 ಪೌಂಡಿನ ಮರದ ರಿಕರ್ವ್. ಬಿಲ್ಲು ಕನಿಷ್ಠ 35 ಪೌಂಡಿನದಿರಬೇಕೆಂದು ಕೊಲರಾಡೊ ಕಾನೂನು ಹೇಳುತ್ತದೆ. ಆ ಬಿಲ್ಲನ್ನು ಸೆಳೆದವನ ಭುಜಕ್ಕೆ ರಾತ್ರಿ ಮುಲಾಮು ತಿಕ್ಕುವವರು ಯಾರು ಎಂಬ ಬಗ್ಗೆ ಕಾನೂನು ಮೌನವಾಗಿದೆ.

ಅತ್ತೆ-ಮಾವ ಬೇಸಿಗೆಗೇ ಬಂದಿಳಿದಿದ್ದರು. ಊರು ತಾಜಸುಲ್ತಾನಪುರ. ಆ ಹೆಸರು ಕೇಳಿದರೆ ಕಲಬುರಗಿಯವರಿಗೆ ಮೊದಲು ನೆನಪಾಗುವುದು ಕೆಎಸ್‌ಆರ್‌ಪಿ ಪಡೆ. ಮಾವ ಆ ಪಡೆಯಲ್ಲೇ ಹವಾಲ್ದಾರರಾಗಿ ನಿವೃತ್ತರಾದವರು. ಗೋಡೆಗೆ ಒರಗಿಸಿದ್ದ ಬಿಲ್ಲನ್ನು ಎರಡು ಸುತ್ತು ಪ್ರದಕ್ಷಿಣೆ ಹಾಕಿ ನೋಡಿ, "ನಾವು ತ್ರೀ ನಾಟ್ ತ್ರೀ ಹೊಡದವರು. ಇದೇನಿದು? ಬನ್ನಿ ಗಿಡದಾಗ ಇಟ್ಟಿದ್ದು ಪಾಂಡವರು ಮರತು ಹೋದ್ರೇನು?" ಎಂದರು.

ಮಗನ ಹೊಟ್ಟೆ ಉರಿದದ್ದು ಆ ಮಾತಿಗಲ್ಲ. ಈ ರಾಜ್ಯದಲ್ಲಿ 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆಯ ಪಾಠ ಓದಿ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯದಿದ್ದರೆ ಲೈಸೆನ್ಸ್ ಸಿಗುವುದಿಲ್ಲ. ಇವರು ರಾತ್ರಿಯೆಲ್ಲ ಕೂತು ಓದಿ ಪಾಸಾದರು. ಮಾವ ಹುಟ್ಟಿದ್ದು 1948ರಲ್ಲಿ, ಹೈದರಾಬಾದ್ ಸಂಸ್ಥಾನದ ಮೇಲೆ ಪೋಲೀಸ್ ಆಕ್ಷನ್ ಆದ ವರ್ಷ. ಮೊಮ್ಮಗಳು ಈ ನಿಯಮ ಓದಿ ಹೇಳಿದ್ದೇ ತಡ, ಮಾವ ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತರು. "ಅಂದ್ರ ನನಗ ಪರೀಕ್ಷಾ ಬೇಡ? ಸರಿಯೇ ಅದ. ರಜಾಕಾರರ ಗದ್ದಲದಾಗ ಹುಟ್ಟಿದವಗ ಇವರೇನು ಕಲಿಸ್ತಾರ?" ಅಂದಿನಿಂದ ಮಗನಿಗೆ ಎಲ್ಕ್ ಬಗ್ಗೆ ಬುದ್ಧಿ ಹೇಳುವ ಅಧಿಕಾರ ಕೊಲರಾಡೊ ಸರ್ಕಾರವೇ ತಮಗೆ ಕೊಟ್ಟಿದೆ ಎಂದು ಅವರು ನಂಬಿದ್ದಾರೆ.

ಅತ್ತೆಯ ತಕರಾರು ಬೇರೆ. ನಮ್ಮದು ಲಿಂಗವಂತರ ಮನೆ. ಇವರು ಬೆಂಗಳೂರಿನ ಹಾಸ್ಟೆಲಿನಲ್ಲಿ ಕೋಳಿ ತಿಂದದ್ದು ಅತ್ತೆಗೆ ಗೊತ್ತು, ಗೊತ್ತೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಸಂಭಾಳಿಸಿಕೊಂಡು ಅವರು ಇಷ್ಟು ವರ್ಷ ಕಳೆದಿದ್ದಾರೆ. ಹಾಗಾಗಿ ಅಹಿಂಸೆಯ ಮಾತೆತ್ತಲಿಲ್ಲ. ಫ್ರೀಜರ್ ಬಾಗಿಲು ತೆರೆದು ನಿಂತರು. "ಎಲ್ಲಿ ಇಡ್ತಿ ತೋರಿಸು." ಅದರಲ್ಲಿ ಮೆಂತ್ಯ ಪಲ್ಯೆ, ತುರಿದ ಕೊಬ್ಬರಿ, ಯಾವ ಕಾಲದ್ದೋ ಹೋಳಿಗೆ ಹೂರಣ. ಹೊಡೆದ ಪ್ರಾಣಿಯ ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಇಲ್ಲಿ ಅಪರಾಧ, ಹೊತ್ತು ತರಲೇಬೇಕು. ಅದೆಲ್ಲ ಪಕ್ಕದ ಮನೆಯವರಿಗೆ ಹೋಗುತ್ತದೆ ಎಂದು ಇವರು ಎಷ್ಟು ಹೇಳಿದರೂ ಅತ್ತೆ ಹೂರಣದ ಡಬ್ಬಿಯ ಮೇಲಿಂದ ಕೈ ತೆಗೆಯಲಿಲ್ಲ. ಕೊನೆಯ ಅಸ್ತ್ರವಾಗಿ ಇವರು, "ಬೇಡರ ಕಣ್ಣಪ್ಪ ಬ್ಯಾಟಿ ಆಡಿಲ್ಲೇನವ್ವಾ? ಶಿವ ಬ್ಯಾಡ ಅಂದನೇನು?" ಎಂದರು. ರಾಜಕುಮಾರರ ಆ ಸಿನಿಮಾ ಬಂದದ್ದು 1954ರಲ್ಲಿ, ಅತ್ತೆಗೆ ಅದರ ಒಂದೊಂದು ದೃಶ್ಯವೂ ಬಾಯಿಪಾಠ. "ಕಣ್ಣಪ್ಪ ಆಮ್ಯಾಲ ಕಣ್ಣು ಕಿತ್ತು ಕೊಟ್ಟ. ನೀ ಚಷ್ಮಾ ಕೊಡ್ತಿ?"

ಆಮೇಲೆ ಕೂಗುವ ಅಭ್ಯಾಸ ಶುರುವಾಯಿತು. ಅಂಗುಳಕ್ಕೆ ಒಂದು ರಬ್ಬರ್ ಬಿಲ್ಲೆ ಅಂಟಿಸಿಕೊಂಡು ಊದಿದರೆ ಹೆಣ್ಣು ಎಲ್ಕ್‌ನ ದನಿ ಬರಬೇಕಂತೆ. ಮುಂಜಾನೆ ಬಚ್ಚಲಿನಿಂದ ಬರುತ್ತಿದ್ದದ್ದು ಎಣ್ಣೆ ಕಾಣದ ಬಾಗಿಲ ಕೀಲಿನ ಕಿರುಗುಟ್ಟುವಿಕೆ. ಮಾವ ನಿಜಕ್ಕೂ ಕೊಬ್ಬರಿ ಎಣ್ಣೆ ತಗೊಂಡು ಎದ್ದು ಬಂದು ಮನೆಯ ಬಾಗಿಲುಗಳನ್ನೆಲ್ಲ ಪರೀಕ್ಷಿಸಿದರು.

ಈಗ ಮೂಗಿನ ವಿಷಯ. ಎಲ್ಕ್‌ನ ಕಣ್ಣಿಗೆ ಮಂಕುಬೂದಿ ಎರಚಬಹುದು, ಕಿವಿಗೆ ಸುಳ್ಳು ಹೇಳಬಹುದು, ಮೂಗಿಗೆ ಮಾತ್ರ ಮೋಸ ಮಾಡಲಾಗದು. ಮನುಷ್ಯನ ವಾಸನೆ ಬಡಿಯಿತೋ, ಗುಡ್ಡ ದಾಟಿ ಹೋಗುತ್ತದೆ. ರೈಫಲ್ ಇದ್ದರೆ ದೂರದಿಂದಲೇ ಕೆಲಸ ಮುಗಿಸಬಹುದು. ಈ ಬಿಲ್ಲಿಗೆ 20 ಗಜದೊಳಗೆ ಬರಬೇಕು. ಆದ್ದರಿಂದ ಇವರು ವಾಸನೆಯಿಲ್ಲದ ಸೋಪಿನಲ್ಲಿ ಮಿಂದರು, ವಾಸನೆಯಿಲ್ಲದ ಪುಡಿಯಲ್ಲಿ ಬಟ್ಟೆ ಒಗೆದರು, ಒಣಗಿಸಿ ಡಬ್ಬದಲ್ಲಿ ಹಾಕಿ, ಆ ಡಬ್ಬವನ್ನು ನನ್ನ ಒಗ್ಗರಣೆಗೆ ಹೆದರಿ ಗ್ಯಾರೇಜಿನಲ್ಲಿಟ್ಟು ಮುಚ್ಚಳ ಬಿಗಿದರು. ವಾರಗಟ್ಟಲೆ ಮನೆಯಲ್ಲಿ ಬೆಳ್ಳುಳ್ಳಿಗೆ ನಿಷೇಧ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಆ ಬೇಳೆಯನ್ನು ಇಂಗಿಲ್ಲದೆ, ಬೆಳ್ಳುಳ್ಳಿಯಿಲ್ಲದೆ ಬೇಯಿಸಿ ತಿಂದವರು ಭೂಮಿಯ ಮೇಲೆ ನಾವೊಬ್ಬರೇ ಇರಬೇಕು.

ಹೊರಡುವ ಹಿಂದಿನ ಸಂಜೆ ಗ್ಯಾರೇಜಿನಲ್ಲಿ ಹೊಗೆ. ಓಡಿ ಹೋಗಿ ನೋಡಿದರೆ ಡಬ್ಬದ ಮುಚ್ಚಳ ತೆಗೆದಿದೆ. ಮಗನ ಅಂಗಿ, ಚಲ್ಲಣ, ಟೋಪಿ ಹಗ್ಗದ ಮೇಲೆ ಸಾಲಾಗಿ ತೂಗುತ್ತಿವೆ. ಕೆಳಗೆ ಕೆಂಡದ ಮೇಲೆ ಲೋಬಾನ ಸುಡುತ್ತಿದೆ. ಅತ್ತೆ ಸೆರಗು ಮೂಗಿಗೆ ಹಿಡಿದು ತೋಳೊಳಗೆ, ಕಾಲೊಳಗೆ, ಜೇಬಿನೊಳಗೆ ಒಂದೂ ಬಿಡದೆ ಹೊಗೆ ಹಿಡಿಸುತ್ತಿದ್ದರು. "ಅಡವ್ಯಾಗ ಹೋಗ್ತಾನ. ಗಾಳಿ-ಗೀಳಿ ಮೆಟ್ಟೀತು." ಎದೆಯ ಜೇಬಿಗೆ ಶರಣಬಸವೇಶ್ವರ ಗುಡಿಯ ವಿಭೂತಿ ಪೊಟ್ಟಣ, ಚೀಲದ ತಳಕ್ಕೆ ಬೆಳ್ಳುಳ್ಳಿ ಜಜ್ಜಿದ ಅಗಸಿ ಹಿಂಡಿ, ಸಜ್ಜಿ ರೊಟ್ಟಿ. ಎಲ್ಲ ಮುಗಿಸಿ ಬಟ್ಟೆ ಮಡಚಿ ಡಬ್ಬಕ್ಕೆ ಹಾಕಿ, ಮಗನಿಗಿಂತಲೂ ಬಿಗಿಯಾಗಿ ಮುಚ್ಚಳ ಹಾಕಿದರು. ನಾನು ಬಾಯಿ ತೆರೆದೆ. "ನೀ ಸುಮ್ನಿರು" ಎಂದರು. ಸುಮ್ಮನಿದ್ದೆ. ಸೊಸೆಯ ಧರ್ಮ ಕೆಲವೊಮ್ಮೆ ಎಷ್ಟು ರುಚಿ!

ಕತ್ತಲಲ್ಲೇ ಹೊರಟು ಬಟ್ಟೆ ತೊಟ್ಟಾಗ ಇವರಿಗೆ ಶೀತ, ಮೂಗು ಕಟ್ಟಿತ್ತು. ಏನೂ ತಿಳಿಯಲಿಲ್ಲ. ಕ್ಯಾಮರಾನ್ ಪಾಸ್ ಹತ್ತಿರ, 10,000 ಅಡಿ ಎತ್ತರದಲ್ಲಿ, ನಮ್ಮವರು ಒಂದು ಫರ್ ಮರದ ಬುಡದಲ್ಲಿ ಮೊಣಕಾಲೂರಿ ಕೂತರು. ಗುಡ್ಡದಲ್ಲಿ ನಸುಕಿನ ಗಾಳಿ ಕೆಳಮುಖ, ಬಿಸಿಲೇರಿದರೆ ಮೇಲ್ಮುಖ. ಅದಕ್ಕೇ ಎಲ್ಕ್‌ಗಿಂತ ಕೆಳಗೆ ಕೂತದ್ದು. ಬಚ್ಚಲಿನ ಸಾಧನೆ ವ್ಯರ್ಥವಾಗಲಿಲ್ಲ. ಬಿಲ್ಲೆ ಕಿರುಗುಟ್ಟಿದ್ದೇ ಮೇಲಿನಿಂದ ಗಂಡು ಎಲ್ಕ್ ಒಂದು ಸಿಳ್ಳೆ ಹಾಕಿ ಇಳಿಯತೊಡಗಿತು. ಕೋಡೇ ಒಂದು ತೋಪು. 60 ಗಜ. 40. ನಿಂತಿತು. ಹೊತ್ತೇರಿತು. ಕತ್ತಿನ ಮೇಲೆ ಗಾಳಿ ಸುಳಿದಂತಾಯಿತು. ಗಾಳಿ ನೋಡಲು ಬಿಳಿ ಪುಡಿ ಚಿಮ್ಮುವ ಪುಟ್ಟ ಬಾಟಲಿ ಇರುತ್ತದೆ. ಅದು ಕಾರಿನಲ್ಲೇ ಉಳಿದಿತ್ತು. ಜೇಬು ತಡಕಿದರೆ ಪೊಟ್ಟಣ. ಬಿಚ್ಚಿ, ಎರಡು ಬೆರಳಲ್ಲಿ ಚಿಟಿಕೆ ವಿಭೂತಿ ಹಿಡಿದು ತಿಕ್ಕಿ ಬಿಟ್ಟರು. ಬೂದಿ ಒಂದು ಕ್ಷಣ ಕಣ್ಣೆದುರೇ ನಿಂತು, ಆಮೇಲೆ ಯಾವ ಅವಸರವೂ ಇಲ್ಲದೆ ನೆಟ್ಟಗೆ ಎಲ್ಕ್ ಕಡೆಗೆ ನಡೆಯಿತು. ಅದರ ಹಿಂದೆಯೇ ಲೋಬಾನ. ಅದರ ಹಿಂದೆ ಅಗಸಿ ಹಿಂಡಿ.

ಎಲ್ಕ್ ಮೂಗೆತ್ತಿತು. ಮನುಷ್ಯನ ವಾಸನೆಗೆ ಓಡುವ ಪ್ರಾಣಿ ಅದು. ಇದು ಮನುಷ್ಯನೋ, ಗುಡಿಯೋ, ದರ್ಗಾವೋ ತಿಳಿಯದೆ ಕೊಂಚ ಹೊತ್ತು ಗೊಂದಲದಲ್ಲಿ ನಿಂತಿತಂತೆ. ಆ ಗೊಂದಲದ ಹೊತ್ತಿನಲ್ಲಾದರೂ ಬಾಣ ಬಿಡಬಹುದಿತ್ತಲ್ಲ ಎಂದು ನಾನು ಕೇಳಿದೆ. "40 ಗಜ ಇತ್ತು. ಗಾಯ ಮಾಡಿ ಬಿಡೋದು ಪಾಪ" ಎಂದರು. ಆ ಮಾತು ಕೇಳಿ ಅತ್ತೆ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿದರು, ಏನೂ ಹೇಳಲಿಲ್ಲ.

ಆದರೆ ಅಂದಿನ ರಂಪ! ಇವರು ಟೋಪಿಯನ್ನು ಮೇಜಿನ ಮೇಲೆ ಸಾಕ್ಷ್ಯವಾಗಿ ಇಟ್ಟರು. ಮಾವ ಮೂಸಿ, "ಮಾಲು ಖರೇ ಅದ" ಎಂದು ಪಂಚನಾಮೆ ಮಾಡಿದರು. ಅತ್ತೆಯ ವಾದ ಒಂದೇ: "ಗಾಳಿ ಯಾವ ಕಡಿ ಹೊಂಟದಂತ ಹೇಳಿದ್ದು ಯಾರು? ನನ್ನ ವಿಭೂತಿ. ಅದಕ್ಕರ ಒಂದು ಒಳ್ಳೆ ಮಾತು ಹೇಳಲ್ಲೇನು?"

ಮೊನ್ನೆ ಮಗಳು ಬಾಯಿ ಬಿಟ್ಟಳು. ಅತ್ತೆ ಮೊದಲೇ ಅವಳನ್ನು ಕೂರಿಸಿಕೊಂಡು "ಆ ಪ್ರಾಣಿಗೆ ಯಾವ ವಾಸನಿ ಆಗಲ್ಲ?" ಎಂದು ವಿಚಾರಿಸಿದ್ದರಂತೆ. ಅಷ್ಟೇ ಅಲ್ಲ, ಶರಣಬಸವೇಶ್ವರನಿಗೆ ಎರಡು ಹರಕೆ ಹೊತ್ತಿದ್ದರಂತೆ. ಒಂದು, ಪ್ರಾಣಿ ಸಾಯಬಾರದು. ಇನ್ನೊಂದು, ಮಗನ ಮುಖ ಸಣ್ಣದಾಗಬಾರದು. ಇವೆರಡನ್ನೂ ಒಟ್ಟಿಗೆ ಈಡೇರಿಸುವುದು ಹೇಗೆಂಬುದು ದೇವರ ತಲೆನೋವು.

ಇವರು ಅದನ್ನು ಕೇಳಿ ಎದ್ದು ಹೋಗಿ ಬಿಲ್ಲಿನ ಹೆದೆ ಬಿಚ್ಚಿಟ್ಟರು. ಮರುದಿನ ಎಲ್ಲರನ್ನೂ ಕಾರು ಹತ್ತಿಸಿ ಎಸ್ಟೆಸ್ ಪಾರ್ಕ್ ಎಂಬ ಪೇಟೆಗೆ ಕರೆದೊಯ್ದರು. ಪಕ್ಕದ ರಾಷ್ಟ್ರೀಯ ಉದ್ಯಾನದಲ್ಲಿ ಬೇಟೆಯಿಲ್ಲ. ಎಲ್ಕ್‌ಗಳಿಗೆ ಅದು ಗೊತ್ತು. ಪೇಟೆಯೊಳಗೇ ಹಿಂಡು ಕಟ್ಟಿಕೊಂಡು ಮೇಯುತ್ತವೆ. ಗಾಲ್ಫ್ ಮೈದಾನದ ಅಂಚಿನಲ್ಲಿ ಒಂದು ಗಂಡು ಎಲ್ಕ್ ಹುಲ್ಲು ಮೇಯುತ್ತ ನಮ್ಮತ್ತಲೇ ಬಂತು. ಮಾವ ಹೆಜ್ಜೆಯಲ್ಲೇ ಅಳೆದು, "20 ಗಜ ಇಲ್ಲ ನೋಡು" ಎಂದರು. ಉದ್ಯಾನದ ನಿಯಮದ ಪ್ರಕಾರ 75 ಅಡಿ ದೂರವಿರಬೇಕು. ಹಿಂದೆ ಸರಿಯಿರಿ ಎಂದು ಯಾರೋ ಕೂಗಿದರು. ಅತ್ತೆ ಅಚ್ಚ ಕಲಬುರಗಿ ಕನ್ನಡದಲ್ಲಿ, "ಅದಕ್ಕ ಹೇಳ್ರಿ, ಅದೇ ಬರಲಾಕತ್ತದ!" ಎಂದು ಒದರುತ್ತ, ಸೀರೆ ಎತ್ತಿ ಹಿಡಿದು ಕಾರಿನತ್ತ ಓಡಿದರು. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಕಾರಿನಲ್ಲಿ ಕೂತು ಏದುಸಿರು ಬಿಡುತ್ತಲೇ ಅತ್ತೆ, "ನಕ್ಕ ನೋಡು. ಎರಡೂ ಹರಕಿ ಮುಟ್ಟಿದವು" ಎಂದು ತೀರ್ಪು ಕೊಟ್ಟು, ತಾಜಸುಲ್ತಾನಪುರಕ್ಕೆ ಫೋನ್ ಹಚ್ಚಿಸಿದರು. ಮಾವ ತೆಂಗಿನಕಾಯಿ ರೇಟಿನ ಬಗ್ಗೆ ಆಕ್ಷೇಪವೆತ್ತಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೇ ದಿನ ಗುಡಿಯಿಂದಲೇ ಮೈದುನನ ಫೋನ್. "ಅವ್ವಾ, ಎರಡನೇದು ಅಣ್ಣನ ಹೆಸರಿಗೆ ಬರೆಸೀನಿ. ಮೊದಲನೇದು ಯಾರ ಹೆಸರಿಗೆ?"

ಅತ್ತೆ ತುಸು ಯೋಚಿಸಿದರು.

"ಎಲ್ಕಪ್ಪ ಅಂತ ಬರೆಸು. ಊರು ಕೇಳಿದ್ರ ನಮ್ಮೂರೇ ಹೇಳು."