ಭಾವನ ಹಂತ 2

ಅಕ್ಕನನ್ನು ನೋಡಲು ಬಂದ ದಿನ ಭಾವ ಉಪ್ಪಿಟ್ಟು ತಿಂದು, ಕೈ ತೊಳೆದು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಹುಡುಗಿಯ ಲೋಪದೋಷಗಳ ಪಟ್ಟಿಯೇನೋ ಎಂದು ಅಪ್ಪನಿಗೆ ಗಾಬರಿ. ಅದು ಸಾಗರದ ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆಗೆ ಆಟೋದವನು ತೆಗೆದುಕೊಂಡ ಬಾಡಿಗೆ ಎಂದು ತಿಳಿದದ್ದು ಲಗ್ನಪತ್ರಿಕೆ ಆದಮೇಲೆ. ಆ ಪುಸ್ತಕ ಈಗ ಅಮೆರಿಕಕ್ಕೆ ಹೋಗಿ ಬೆಳೆದು ಎಕ್ಸೆಲ್ ಶೀಟ್ ಆಗಿದೆ. ಸಂಸಾರದ ಖರ್ಚಿನ ಮೊದಲನೇ ಸಾಲಿನಲ್ಲಿ ಆ ಆಟೋ ಬಾಡಿಗೆ ಇವತ್ತಿಗೂ ಕೂತಿದೆ.

ಇಂಥವರೊಬ್ಬರು ಪ್ರತಿ ಕನ್ನಡ ಕೂಟದಲ್ಲೂ ಇರುತ್ತಾರೆ. ಯುಗಾದಿ ಊಟಕ್ಕೆ ತಲೆಗೆ 1.7 ಒಬ್ಬಟ್ಟು ಎಂದು ಲೆಕ್ಕ ಹಾಕಿ, ಕೊನೆಯ ಪಂಕ್ತಿಯಲ್ಲಿ ತಮಗೇ ಒಬ್ಬಟ್ಟಿಲ್ಲದೆ, ಆದರೂ ತೃಪ್ತರಾಗಿ ಎದ್ದುಹೋಗುವವರು. ಅವರನ್ನು ಜಿಪುಣರೆನ್ನಲಾಗದು. ಜಿಪುಣನಿಗೆ ದುಡ್ಡು ಉಳಿಯಬೇಕು. ಇವರಿಗೆ ಕೂಡಿದ್ದು ತಾಳೆಯಾದರೆ ಸಾಕು.

ಭಾವನ ಶೀಟಿನಲ್ಲಿ ಎರಡು ಹಂತಗಳಿವೆ. ಭಾವನಿಗೆ ಬೇಕಾದದ್ದು ಹಂತ 1. ಅಕ್ಕ ಕೇಳಿದ್ದು ಹಂತ 2. ಇಪ್ಪತ್ತೆರಡು ವರ್ಷದಲ್ಲಿ ಹಂತ 2ರ ಮುಖ ಕಂಡವರಿಲ್ಲ. ವೆಟ್ ಗ್ರೈಂಡರ್, ಅಡುಗೆಮನೆಯ ಕಿಟಕಿ, ಕಾಶಿಯಾತ್ರೆ ಎಲ್ಲ ಅಲ್ಲಿ ಸಾಲಾಗಿ ಕಾಯುತ್ತಿದ್ದವು. ಮಾಡಿನ ಹಿಮ ತಡೆಯುವ ಕಂಬಿಯೂ ಅಲ್ಲೇ ಇತ್ತು.

ಅವರಿರುವುದು ಬಫಲೋ ಊರಿನ ದಕ್ಷಿಣಕ್ಕೆ. ಪಕ್ಕದಲ್ಲಿ ಈರಿ ಸರೋವರ. ಸರೋವರ ಇನ್ನೂ ಹೆಪ್ಪುಗಟ್ಟದೆ ಬೆಚ್ಚಗಿರುವಾಗ ಅದರ ಮೇಲೆ ಕೊರೆಯುವ ಗಾಳಿ ಹಾದರೆ, ತೇವವನ್ನೆಲ್ಲ ಹೀರಿ ತಂದು ದಡದ ಊರುಗಳ ತಲೆ ಮೇಲೆ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕ್ ಎಂಬಲ್ಲಿ ಕೆಲವೇ ದಿನದಲ್ಲಿ ಸುಮಾರು 80 ಅಂಗುಲ ಬಿತ್ತು. ನಮ್ಮ ಭಾವನಿಗಿಂತ ಒಂದಡಿ ಎತ್ತರ. ಆಗುಂಬೆಯ ಮಳೆ ಕಂಡವರಿಗೆ ಸುರಿಯುವುದೇನೂ ಹೊಸದಲ್ಲ. ಆದರೆ ಮಳೆ ಸೂರಿನಿಂದ ಇಳಿದು ತನ್ನ ಪಾಡಿಗೆ ಹೋಗುತ್ತದೆ. ಹಿಮ ನೆಂಟರ ಹಾಗೆ ಮಾಡಿನ ಮೇಲೆ ಕೂತುಬಿಡುತ್ತದೆ, ಹೊರಡುವಾಗ ಹೇಳದೆ ಹೊರಡುತ್ತದೆ.

ಹಳೆಯ ಡಾಂಬರು ಶಿಂಗಲ್ಸ್ ಕಿತ್ತು ಲೋಹದ ಮಾಡು ಹೊದಿಸುವಾಗ ಭಾವ ಅದರ ಬೆಲೆಯನ್ನು ಆಯಸ್ಸಿನ ವರ್ಷಕ್ಕೆ, ತಿಂಗಳಿಗೆ, ದಿನಕ್ಕೆ ಭಾಗಿಸಿ, ದಿನವೊಂದಕ್ಕೆ ಕಾಫಿಗಿಂತ ಅಗ್ಗ ಎಂದು ಸಾಧಿಸಿದ್ದರು. ಕೆಲಸದವನು ಆಗಲೇ ಹೇಳಿದ್ದ: ಶಿಂಗಲ್ಸ್ ಒರಟು, ಹಿಮವನ್ನು ಹಿಡಿದುಕೊಳ್ಳುತ್ತದೆ; ತಗಡು ನುಣುಪು, ಒಂದೇ ಸಲಕ್ಕೆ ಜಾರಿಸಿಬಿಡುತ್ತದೆ; ಅಡ್ಡಕಂಬಿ ಈಗಲೇ ಹಾಕಿಸಿ ಅಂತ. ಭಾವ ಆ ಸಾಲನ್ನು ಆರಿಸಿ, ಕತ್ತರಿಸಿ, ಹಂತ 2ಕ್ಕೆ ಅಂಟಿಸಿದರು.

ನಾನು ಆರು ತಿಂಗಳಿಗೆಂದು ಹೋದದ್ದು ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ಅಕ್ಕನ ಒತ್ತಾಯಕ್ಕೆ ಭಾವ ಕಂಬಿಗೆ ಮೂರು ಕೊಟೇಶನ್ ತರಿಸುವ ಹಂತಕ್ಕೆ ಬಂದಿದ್ದರು. ಕೊಟೇಶನ್ ತರಿಸುವುದೆಂದರೆ ಭಾವನಿಗೆ ತೀರ್ಥಯಾತ್ರೆ. ದರ್ಶನ ಮುಖ್ಯ, ವರ ಸಿಗಬೇಕೆಂದೇನಿಲ್ಲ.

ಮೊದಲನೆಯವನು ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ ತುಂಡುಗಳನ್ನು ತಂದ. ಗೋಂದು ಹಚ್ಚಿ ಮಾಡಿನ ಮೇಲೆ ಸಾಲು ತಪ್ಪಿಸಿ ಅಂಟಿಸುವುದು. 1,400 ಡಾಲರ್. ಭಾವನ ಮುಖ ಅರಳಿತು. ಆದರೆ ಗೋಂದು ಕಚ್ಚಬೇಕಾದರೆ ಬೆಚ್ಚಗಿನ ಹವೆ ಬೇಕು, ಗಟ್ಟಿಯಾಗಲು ವಾರಗಟ್ಟಲೆ ಬೇಕು. ಇನ್ನು ಬೇಸಿಗೆಗೇ ಸರಿ ಎಂದು ಅವನೇ ಹೇಳಿ ಹೋದ. ಎರಡನೆಯವನು ತಿರುಪಿನಿಂದ ಬಿಗಿಯುತ್ತೇನೆಂದ. ಹೊಸ ಮಾಡಿಗೆ ನೂರಾರು ತೂತು ಎಂದು ಕೇಳಿದ್ದೇ ಭಾವ ಹೊಸ ಪಂಚೆಗೆ ಬೀಡಿ ಕಿಡಿ ತಾಗಿದವರಂತೆ ಎದ್ದುನಿಂತರು. ಅವನ ದರ ಶೀಟಿಗೆ ಏರಲೇ ಇಲ್ಲ.

ಮೂರನೆಯವನು ಅಸಲಿ ಕಸುಬುದಾರ. ತಗಡಿನ ಹಾಳೆಗಳು ಕೂಡುವಲ್ಲಿ ಎದ್ದು ನಿಂತ ಮಡಿಕೆಯನ್ನು ಚಿಮಟದಂತೆ ಕಚ್ಚುವ ಕ್ಲ್ಯಾಂಪು, ತೂತಿಲ್ಲ, ಅದಕ್ಕೆ ಉದ್ದಕ್ಕೂ ಅಲ್ಯೂಮಿನಿಯಂ ಕಂಬಿ. ಎರಡೂ ಇಳಿಜಾರಿಗೆ ಸೇರಿ 5,600 ಡಾಲರ್.

"ಬಾಗಿಲ ಮೇಲೆ ಮಾತ್ರ ಹಾಕಿದರೆ?" ಭಾವ ಕೇಳಿದರು.

ಹಿಮ ಬಿಡಿಬಿಡಿ ಹತ್ತಿಯಲ್ಲ, ಹೆಣೆದ ಕಂಬಳಿ. ಬಾಗಿಲ ಮೇಲಷ್ಟೇ ತಡೆದರೆ ಅಕ್ಕಪಕ್ಕದ ಭಾರವೂ ಅದೇ ನಾಲ್ಕು ಕ್ಲ್ಯಾಂಪಿಗೆ ಜೋತುಬೀಳುತ್ತದೆ ಎಂದು ಅವನು ವಿವರಿಸಿದ. ಆ ರಾತ್ರಿ ಭಾವ ಮಲಗಲಿಲ್ಲ. ಬೆಳಿಗ್ಗೆ ನನ್ನ ಕಾಫಿಯ ಮುಂದೆ ಲ್ಯಾಪ್‌ಟಾಪ್ ತಿರುಗಿಸಿದರು.

"ನೋಡು ಮಾರಾಯ. ಒಂದು ಇಳಿಜಾರು ನಲವತ್ತಡಿ ಉದ್ದ, ಹದಿನೆಂಟಡಿ ಅಗಲ. ಚದರಡಿಗೆ ನಲವತ್ತು ಪೌಂಡ್ ಹಿಮ ಅಂತ ಹಿಡಿ. ಒಟ್ಟು 28,800 ಪೌಂಡ್. ಅಂದರೆ ಹದಿಮೂರು ಟನ್! ನಮ್ಮ ಮಾಡು ಹನ್ನೆರಡಡಿಗೆ ಆರಡಿ ಏರುತ್ತೆ. ಆ ಕೋನದ ಸೈನ್ ಬೆಲೆ 0.447. ಗುಣಿಸಿದರೆ ಇಳಿಜಾರಿನಲ್ಲಿ ಕೆಳಕ್ಕೆ ತಳ್ಳೋ ಬಲ 12,900 ಪೌಂಡ್."

"ಅಂದರೆ?"

"ಐದು ಮುಕ್ಕಾಲು ಟನ್."

ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ಆನೆಗಳನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರಲ್ಲ, ಅದರಲ್ಲಿ ದೊಡ್ಡ ಆಸಾಮಿಯೊಬ್ಬ ಮಾಡಿನ ಮೇಲೆ ಕೂತು ಜಾರುಬಂಡೆಗೆ ಅಣಿಯಾದ ಹಾಗಾಯಿತು ಎಂದೆ. ಭಾವನಿಗೆ ಉಪಮೆ ಹಿಡಿಸಲಿಲ್ಲ. ಆನೆಯ ಭಾರ ನಾಲ್ಕು ಕಾಲಿಗೆ ಹಂಚಿರುತ್ತೆ, ಇಲ್ಲಿ ಹದಿನಾರು ಅಂಗುಲಕ್ಕೊಂದರಂತೆ ಮೂವತ್ತು ಕ್ಲ್ಯಾಂಪಿಗೆ ಹಂಚಬೇಕು, ಒಂದಕ್ಕೆ 430 ಪೌಂಡ್ ಎಂದು ತಿದ್ದಿದರು.

ಅಲ್ಲಿಂದ ಅವರಿಗೊಂದು ತಾತ್ವಿಕ ತೊಡಕು ಹತ್ತಿತು. "ಹಿಮವನ್ನು ಕಂಬಿ ಹಿಡಿಯುತ್ತೆ. ಕಂಬಿಯನ್ನು ಕ್ಲ್ಯಾಂಪು. ಕ್ಲ್ಯಾಂಪನ್ನು ತಗಡು. ತಗಡನ್ನು ಹಿಡಿಯೋರು ಯಾರು?" ಮಠದಲ್ಲಿ ಕೇಳಿದ್ದರೆ ಶಾಲು ಹೊದಿಸುತ್ತಿದ್ದರು. ಫೋನಿನಲ್ಲಿ ಕೇಳಿಸಿಕೊಂಡ ಕಸುಬುದಾರನಿಗೂ ಖುಷಿಯೋ ಖುಷಿ. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯಂತೆ. ತಗಡನ್ನು ಒಂದು ಕಡೆ ಹಲಗೆಗೆ ಭದ್ರವಾಗಿ ಬಿಗಿದಿರಲೇಬೇಕು, ಇಲ್ಲದಿದ್ದರೆ ಹಿಮದ ಜೊತೆ ಅದೂ ಹೊರಡುತ್ತದೆ. ಭಾವನ ಮನೆಯಲ್ಲಿ ಅದು ನೆತ್ತಿಯ ಬಳಿ ಇದೆ, ಬಂದು ನೋಡುತ್ತೇನೆಂದ. ಭಾವ "ನೆತ್ತಿ ಪರಿಶೀಲನೆ" ಎಂದು ಹೊಸ ಸಾಲು ತೆರೆದರು. ಆ ಸಾಲಿಗೆ ದರ ಕೇಳಲು ಇನ್ನೂ ಇಬ್ಬರಿಗೆ ಬರೆದರು.

ಭಾನುವಾರ ಊರಿನಿಂದ ಭಾವನ ಅಮ್ಮ, ಅಂದರೆ ಅಕ್ಕನ ಅತ್ತೆ, ಫೋನಿನಲ್ಲಿ ಎಲ್ಲ ಕೇಳಿ, "ಅಷ್ಟಕ್ಕೆ ಯಾಕಾ? ಅಡಿಕೆ ದಬ್ಬೆ ಎರಡು ಅಡ್ಡ ಕಟ್ಟಿಬಿಡು" ಎಂದರು. ಭಾವ ನಕ್ಕರು. ಆಲ್ಪ್ಸ್ ಪರ್ವತದ ರೈತರು ಹಿಂದಿನಿಂದಲೂ ಮಾಡಿಗೆ ಮರದ ದಿಮ್ಮಿ ಅಡ್ಡ ಹಾಕಿಯೇ ಹಿಮ ತಡೆಯುತ್ತಿದ್ದರು ಎಂದು ನನಗೆ ಆಗ ಗೊತ್ತಿದ್ದರೆ ಅತ್ತೆಯ ಪರ ವಾದಿಸುತ್ತಿದ್ದೆ.

ಜನವರಿಯಲ್ಲಿ ಐದು ದಿನ ಬಿಡದೆ ಬಿತ್ತು. ಆರನೇ ದಿನ ಬಿಸಿಲು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಕ್ಕ ತಂಬುಳಿ ಬಡಿಸುತ್ತಿದ್ದಳು, ಭಾವ ಆರನೆಯ ಕೊಟೇಶನ್ನಿನ ತೆರಿಗೆ ನೋಡುತ್ತಿದ್ದರು. ನೆತ್ತಿಯ ಮೇಲೆ ಯಾರೋ ಉದ್ದಕ್ಕೆ ಚಾಪೆ ಎಳೆದಂತೆ ಸದ್ದು. ಕಿಟಕಿ ಒಂದು ಗಳಿಗೆ ಕತ್ತಲಾಯಿತು. ಆಮೇಲೆ ಲಾರಿಯಿಂದ ಜಲ್ಲಿ ಸುರಿದ ಹಾಗೆ ಧಡಾರ್. ಹೊರಗೆ ಹೋಗಿ ನೋಡಿದರೆ ಸೂರಿನ ನೀರುದಂಬೆ ಪೂರ್ತಿ ನೆಲದ ಮೇಲೆ, ಮಾಡಿನಿಂದ ಎದ್ದಿದ್ದ ಬಚ್ಚಲಿನ ಗಾಳಿಕೊಳವೆ ಬುಡದಲ್ಲೇ ಕತ್ತರಿಸಿಹೋಗಿದೆ. ಭಾವ ಹಂತ 1ರಲ್ಲಿ ಕೊಂಡಿದ್ದ ಬಾರ್ಬೆಕ್ಯೂ ಒಲೆ ಎಲ್ಲಿದೆಯೆಂದು ಏಪ್ರಿಲ್‌ವರೆಗೆ ತಿಳಿಯಲಿಲ್ಲ. ಅದರಲ್ಲಿ ವರ್ಷಕ್ಕೊಮ್ಮೆ ಜೋಳ ಸುಡುತ್ತಿದ್ದರು.

ಅಕ್ಕ ಒಂದು ಮಾತೂ ಆಡಲಿಲ್ಲ. ಒಳಗೆ ಬಂದು, ತಂಬುಳಿಯ ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು. ಕಂಬಿಯ ಸಾಲನ್ನು ಹಂತ 1ಕ್ಕೆ ಎಳೆದಳು. ಸ್ವಲ್ಪ ಯೋಚಿಸಿ, ವೆಟ್ ಗ್ರೈಂಡರನ್ನೂ ಎಳೆದಳು.

ಜೂನ್ ತಿಂಗಳು. ನಾನು ಊರಲ್ಲಿ, ಜಡಿಮಳೆಯಲ್ಲಿ, ಅತ್ತೆಯ ಪಕ್ಕ ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದೆ. ಅಲ್ಲಿ ಸುಡುಬಿಸಿಲು, ಬರಿಮೈಯ ಹುಡುಗರಿಬ್ಬರು ಬೆವರು ಸುರಿಸಿಕೊಂಡು ಹಿಮದ ಕಂಬಿ ಬಿಗಿಯುತ್ತಿದ್ದರು. ಭಾವ ಕೆಳಗೆ ನಿಂತು ಕ್ಲ್ಯಾಂಪು ಎಣಿಸುತ್ತಿದ್ದರು. ಅರವತ್ತೆರಡು ಬಂತು, ಶೀಟಿನಲ್ಲಿ ಅರವತ್ತು. ಹೆಚ್ಚಿನ ಎರಡರ ಬಗ್ಗೆ ಚರ್ಚೆ ನಡೆಯುತ್ತಿದ್ದಾಗ ಅತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಇದು ದಬ್ಬೆ ಅಲ್ದನಾ?"

"ಅಲ್ಲ ಅಮ್ಮ. ಅಲ್ಯೂಮಿನಿಯಂ. ಇಂಜಿನಿಯರ್ಡ್ ಸಿಸ್ಟಮ್."

"ಹೌದಾ," ಎಂದರು ಅತ್ತೆ. ಫೋನ್ ನನ್ನ ಕೈಗೆ ಕೊಡುತ್ತಾ, "ಗಟ್ಟಿ ಕಟ್ಟಕ್ಕೆ ಹೇಳು," ಎಂದರು.